ಗೋಡೆಯ ಎರಡೂ ಕಡೆ ಉಣ್ಣುತ್ತಿದ್ದ ನಾಯಿ

ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದ ಬೆಳಿಗ್ಗೆ ನನಗೆ ಬೇಕಾದ್ದು ಎರಡೇ. ಮೈಗೆ ಒಂದಿಷ್ಟು ಬಿಸಿನೀರು, ಆಮೇಲೆ ಕಿಟಕಿ ಮುಚ್ಚಿದ ಕೋಣೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತೇನೆ, ಏನು ಕೊಟ್ಟೆ ಅಂತ ನೆನಪಿರುವುದಿಲ್ಲ. ಕೆ.ಆರ್. ಪೇಟೆಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಊರು ಸಂತೆಬಾಚಹಳ್ಳಿಯ ಆಚೆ, ಬಸ್ಸು ಇಳಿದು ಸ್ವಲ್ಪ ನಡೆಯಬೇಕು. ಆ ನಡಿಗೆಯಲ್ಲೇ ಎಷ್ಟೋ ಸಲ ಅರ್ಧ ನಿದ್ದೆ ಮಾಡಿದ್ದೇನೆ.

ಆ ಭಾನುವಾರವೂ ಹಾಗೇ ಬಂದೆ. ಗಂಡ ಮನೆಯಲ್ಲಿರಲಿಲ್ಲ. ನಾಗಮಂಗಲದಲ್ಲಿ ಅವರ ಕಡೆಯವರದೊಂದು ಮದುವೆ, ನಸುಕಿಗೇ ಹಾಲು ಕರೆದು ಡೈರಿಗೆ ಹಾಕಿ ಬೈಕಿನಲ್ಲಿ ಹೋಗಿದ್ದರು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ. ಮನೆ ತಣ್ಣಗಿತ್ತು. ಸ್ನಾನ ಮಾಡಿ ಕೂದಲೂ ಒರೆಸಿಕೊಳ್ಳದೆ ಮಲಗಿದೆ.

ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲು ಅದು ಒಂದೇ ಮನೆ. ನನ್ನ ಗಂಡ, ಅವರ ಅಣ್ಣ, ನಾವಿಬ್ಬರು ಸೊಸೆಯರು, ಅತ್ತೆ. ಅತ್ತೆ ಹಾಸಿಗೆ ಹಿಡಿದು ಬಹಳ ದಿನ ನರಳಿದರು. ಹೋದದ್ದು ಒಂದು ಮಧ್ಯಾಹ್ನ, ನಾನು ಡ್ಯೂಟಿಯಲ್ಲಿದ್ದಾಗ. ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರೆಲ್ಲ ಸೇರಿದ್ದ ಹೊತ್ತಿನಲ್ಲಿ ನನ್ನ ಓರಗಿತ್ತಿ, ಬಾವನ ಹೆಂಡತಿ, ಎಲೆ ಹಾಕುತ್ತಲೇ ಅಂದಳು: "ಊರೋರ್ಗೆಲ್ಲ ಸೂಜಿ ಚುಚ್ತಾಳೆ. ಮನೇಲಿ ಸಾಯೋರ ಬಾಯಿಗೆ ಒಂದ್ ತೊಟ್ಟು ನೀರ್ ಬುಡಕ್ಕೆ ಇರ್ನಿಲ್ಲ." ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಎಲ್ಲರಿಗೂ ಕೇಳಿಸಿತು. ಯಾರೂ ಅಲ್ಲ ಅನ್ನಲಿಲ್ಲ, ನನ್ನ ಗಂಡ ಮಾತ್ರ ಎಲೆ ಬಿಟ್ಟು ಎದ್ದರು. ಅಣ್ಣತಮ್ಮಂದಿರ ನಡುವೆ ಮೊದಲೇ ಒಂದಿಷ್ಟು ಹೊಗೆಯಾಡುತ್ತಿತ್ತು. ಅದಾದ ಮೇಲೆ ಹಿಸ್ಸೆ ಆಯಿತು, ಅಂಗಳದ ಮಧ್ಯೆ ಇಟ್ಟಿಗೆಯ ಗೋಡೆ ಬಂತು. ಮಾತು ಪೂರ್ತಿ ನಿಂತಿತು.

ಗೋಡೆ ಹಿತ್ತಲಿನ ತನಕ ಬಂದು ಅಲ್ಲಿಗೇ ನಿಂತಿದೆ. ಹಿಂದಿನ ಕೊಟ್ಟಿಗೆಯನ್ನು ಹೇಗೆ ಒಡೆಯುವುದು ಅಂತ ಯಾರಿಗೂ ತಿಳಿಯದೆ ಹಾಗೇ ಬಿಟ್ಟರು. ಅವರ ಹಸು ಒಂದು ಕಡೆ, ನಮ್ಮದು ಒಂದು ಕಡೆ. ನಾಯಿಗೆ ಅದೇ ದಾರಿ. ಅದನ್ನು ಸಾಕಿದ್ದು ಅತ್ತೆ. ಕಂದು ಬಣ್ಣದ ನಾಟಿ ನಾಯಿ, ಎತ್ತರದ ಆಳು, ಒಂದು ಕಿವಿ ಮಡಿಚಿಕೊಂಡಿರುತ್ತದೆ. ಹಿಸ್ಸೆಯಲ್ಲಿ ಎಲ್ಲ ಬರೆದುಕೊಂಡರು, ನಾಯಿಯ ಮಾತು ಯಾರೂ ತೆಗೆಯಲಿಲ್ಲ. ಅದು ಬೆಳಿಗ್ಗೆ ಅವರ ಮನೆಯಲ್ಲಿ ಮುದ್ದೆ ತಿನ್ನುತ್ತಿತ್ತು, ರಾತ್ರಿ ನಮ್ಮ ಮನೆಯಲ್ಲಿ ಅನ್ನ ತಿನ್ನುತ್ತಿತ್ತು. ಅವರು ಒಂದು ಹೆಸರಿಂದ ಕೂಗುತ್ತಿದ್ದರು, ನಾವು ಇನ್ನೊಂದರಿಂದ. ಎರಡಕ್ಕೂ ಬಾಲ ಅಲ್ಲಾಡಿಸುತ್ತಿತ್ತು.

ಕಣ್ಣು ಹತ್ತಿತ್ತೋ ಇಲ್ಲವೋ, ಹಿತ್ತಲ ಕಡೆಯಿಂದ ಓರಗಿತ್ತಿಯ ಕೂಗು ಕೇಳಿತು. "ಅಯ್ಯಯ್ಯೋ, ಏನಾಯ್ತಲೇ ನಿಂಗೆ! ಲೇ, ಎದ್ದೇಳ್ಲಾ!" ಯಾವುದೋ ಹಸು ಬಿದ್ದಿದೆ ಅಂದುಕೊಂಡೆ. ಅವರದಾದರೆ ಅವರು ನೋಡಿಕೊಳ್ಳುತ್ತಾರೆ ಅಂತ ಮಗ್ಗುಲು ತಿರುಗಿದೆ. ಆಮೇಲೆ, ನಮ್ಮದೂ ಅಲ್ಲೇ ಇದೆಯಲ್ಲ ಅನ್ನಿಸಿ ಎದ್ದೆ.

ಹುಲ್ಲಿನ ಮೆದೆಯ ಪಕ್ಕದಲ್ಲಿ ನಾಯಿ ಬಿದ್ದಿತ್ತು. ಬಾಯಲ್ಲಿ ನೊರೆ, ಜೊಲ್ಲು ನೆಲಕ್ಕೆ ಇಳಿದು ಮಣ್ಣು ಕೆಸರಾಗಿತ್ತು. ಮೈಯ ಮಾಂಸವೆಲ್ಲ ಸಣ್ಣಗೆ ಕುಣಿಯುತ್ತಿತ್ತು. ಕಾಲು ನಾಲ್ಕೂ ಓಡುವ ಹಾಗೆ ಗಾಳಿಯಲ್ಲಿ ಆಡುತ್ತಿದ್ದವು. ಓರಗಿತ್ತಿ ಕೈಯಲ್ಲಿ ಹುಣಸೆಹಣ್ಣಿನ ನೀರಿನ ಲೋಟ ಹಿಡಿದು ಬಗ್ಗಿದ್ದಳು.

"ಹಾಕ್ಬ್ಯಾಡಿ ಅಕ್ಕ!" ಅಂದೆ. ಎಷ್ಟೋ ವರ್ಷದ ಮೇಲೆ ಅವಳಿಗೆ ನಾನು ಆಡಿದ ಮೊದಲ ಮಾತು ಅದು.

ಅವಳು ಲೋಟ ಹಾಗೇ ಹಿಡಿದು ನನ್ನ ಕಡೆ ನೋಡಿದಳು. "ವಿಸ ಇಳೀತದೆ ಅಂತ..."

"ನುಂಗೋ ಸ್ಥಿತೀಲಿಲ್ಲ ಅದು. ಉಸಿರಿನ ದಾರಿಗೆ ಹೋಗ್ಬುಡ್ತದೆ."

ಕುಳಿತು ರೆಪ್ಪೆ ಬಿಡಿಸಿದೆ. ಕಣ್ಣಿನ ಕರಿಗುಡ್ಡೆಯ ನಡುವಿನ ಬೊಟ್ಟು ಸೂಜಿಮೊನೆಯಷ್ಟು ಸಣ್ಣದಾಗಿತ್ತು. ಬಾಯಿಯ ಹತ್ತಿರ ಬಗ್ಗಿದರೆ ಆ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ವರ್ಷಕ್ಕೆ ಎಷ್ಟು ಜನರನ್ನು ಆ ವಾಸನೆಯೊಂದಿಗೆ ಸ್ಟ್ರೆಚರಿನ ಮೇಲೆ ತರುತ್ತಾರೆ. ಅವರ ಬಟ್ಟೆ ಬಿಚ್ಚಿ, ಮೈ ತೊಳೆದು, ಮೂಗಿಗೆ ನಳಿಕೆ ಹಾಕಿ, ಡಾಕ್ಟರು ಹೇಳಿದಂತೆ ಒಂದರ ಹಿಂದೆ ಒಂದು ಇಂಜೆಕ್ಷನ್ ಕೊಟ್ಟು ಕೂರುತ್ತೇವೆ. ಕೆಲವರು ಉಳಿಯುತ್ತಾರೆ. ಹಿಂದಿನ ರಾತ್ರಿ ಪುಣ್ಯಕ್ಕೆ ಅಂಥ ಕೇಸು ಬಂದಿರಲಿಲ್ಲ. ಮನೆಯ ಹಿತ್ತಲಲ್ಲೇ ಕಾದಿತ್ತು.

"ಗದ್ದೆಗೆ ಹಾಕೋ ಹರಳು ಔಷಧಿ ತಿಂದದೆ," ಅಂದೆ.

ಓರಗಿತ್ತಿಯ ಮುಖ ಬದಲಾಯಿತು. "ನಮ್ಮನೇಲಿ ಅಂತಾದ್ದು ಏನೂ ಇಕ್ಕಿಲ್ಲ ಕಣವ್ವ."

ನಾನು ಅವಳನ್ನು ಕೇಳಿರಲಿಲ್ಲ. ಆದರೂ ಬಾಯಿ ತಡೆಯದೆ, "ನಮ್ಮನೇಲೂ ಇಲ್ಲ," ಅಂದೆ. ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಂಬಿದಳೋ ಇಲ್ಲವೋ. ನಾನು ನಂಬಿದೆನೋ ಇಲ್ಲವೋ. ಅದನ್ನು ತೀರ್ಮಾನ ಮಾಡುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಹೋಬಳಿಯ ಪಶುವೈದ್ಯರ ನಂಬರು ನನ್ನ ಫೋನಿನಲ್ಲಿತ್ತು. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದರು. ಹಿಂದೆ ಎಮ್ಮೆ ಅರಚುವ ಸದ್ದು.

"ಜೋರಾಗಿ ಹೇಳಿ, ಬೇರೆಯವರು ಕಿವಿಗೆ ಫೋನ್ ಹಿಡಿದಿದ್ದಾರೆ," ಅಂದರು. "ಬಿಂಡಿಗನವಿಲೆ ಕಡೆ ಬಂದಿದೀನಿ ಸಿಸ್ಟರ್. ಎಮ್ಮೆಗೆ ಕರು ಅಡ್ಡ ಆಗಿದೆ. ಕೈ ಒಳಗಿದೆ, ಬಿಟ್ಟು ಬರೋ ಹಾಗಿಲ್ಲ."

ಲಕ್ಷಣ ಹೇಳಿ, ಹರಳು ಔಷಧಿ ಇರಬೇಕು ಅಂದೆ. ಅವರು ಪೂರ್ತಿ ಕೇಳುವ ಮೊದಲೇ, "ನೀವೇ ಹೇಳಿದಿರಲ್ಲ, ಅದೇ. ನನಗೆ ಕಾಯಬೇಡಿ," ಅಂದರು. "ಭಾನುವಾರ ಕೆ.ಆರ್. ಪೇಟೇಲಿ ಯಾರೂ ಸಿಗಲ್ಲ, ಪಾಂಡವಪುರಕ್ಕೆ ಹೊರಡಿ. ಅಲ್ಲಿ ನಮ್ಮ ಹಿರಿಯ ಡಾಕ್ಟರೊಬ್ಬರು, ರಿಟೈರ್ ಆಗಿದಾರೆ, ಮನೇಲೇ ನೋಡ್ತಾರೆ. ನಂಬರ್ ಕಳಿಸೋಕೆ ಹೇಳ್ತೀನಿ. ಬಾಯಿಗೆ ಏನೂ ಹಾಕಬೇಡಿ. ತಲೆ ತಗ್ಗಿಸಿ ಮಲಗಿಸಿ."

ಹೊರಡಿ ಅಂದರು. ಯಾವುದರಲ್ಲಿ? ಬೈಕು ನಾಗಮಂಗಲದಲ್ಲಿತ್ತು. ಬಸ್ಸಿಗೆ ಈ ಸ್ಥಿತಿಯ ನಾಯಿಯನ್ನು ಹತ್ತಿಸುವ ಮಾತೇ ಇಲ್ಲ. ನಾನು ಗೋಡೆಯ ಆಚೆ ನೋಡಿದೆ. ಬಾವನ ಲಗೇಜ್ ಆಟೋ ಅವರ ಬಾಗಿಲಲ್ಲಿ ನಿಂತಿತ್ತು. ಟೊಮ್ಯಾಟೊ ಇಳಿಸಿ ಆಗತಾನೇ ಬಂದು ಅವರು ಕಾಲು ತೊಳೆಯುತ್ತಿದ್ದರು. ಓರಗಿತ್ತಿ ಓಡಿಹೋಗಿ ಏನೋ ಹೇಳಿದಳು. ಬಾವ ಬಂದು ನಾಯಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಹೆಂಡತಿಗೆ ಅಂದರು: "ಗೋಣಿಚೀಲ ತಕಂಡ್ ಬಾ. ಅತ್ತುಸ್ಕಳಿ."

ಆಟೋದ ಹಿಂದೆ ಖಾಲಿ ಕ್ರೇಟುಗಳನ್ನು ಒಂದು ಪಕ್ಕಕ್ಕೆ ತಳ್ಳಿ ನಾವಿಬ್ಬರೂ ಎದುರುಬದುರು ಕುಳಿತೆವು. ನಡುವೆ ಗೋಣಿಯ ಮೇಲೆ ನಾಯಿ. ಬಾಗಿಲಿಗೆ ಬೀಗ ಹಾಕಿದೆನೇ ಅಂತ ಊರು ದಾಟಿದ ಮೇಲೆ ಯೋಚನೆ ಬಂತು. ಹಾಕಿರಲಿಲ್ಲ.

ಆಲೆಮನೆಗಳ ಕಾಲ. ದಾರಿ ತುಂಬ ಕಬ್ಬಿನ ಟ್ರಾಕ್ಟರುಗಳು. ಎರಡೆರಡು ಟ್ರೇಲರು ಕಟ್ಟಿಕೊಂಡು ರಸ್ತೆಯ ಅಗಲಕ್ಕೂ ವಾಲಾಡುತ್ತ ಹೋಗುತ್ತವೆ, ಹಿಂದಿನವರಿಗೆ ಜಾಗವೇ ಇಲ್ಲ. ಬಾವ ಹಾರನ್ ಒತ್ತಿ ಒತ್ತಿ ಸುಮ್ಮನಾಗುತ್ತಿದ್ದರು. ನಾಯಿಯ ಗಂಟಲಲ್ಲಿ ಗೊರಗೊರ ಸದ್ದು ಏರುತ್ತಿತ್ತು. ಆಸ್ಪತ್ರೆಯಲ್ಲಾದರೆ ಕಫ ಎಳೆಯುವ ಯಂತ್ರ ಇದೆ. ಇಲ್ಲಿ ನನ್ನ ಸೆರಗು. ತಲೆ ತಗ್ಗಿಸಿ ಹಿಡಿದು, ಬೆರಳಿಗೆ ಸೆರಗು ಸುತ್ತಿ ಬಾಯಿಂದ ನೊರೆ ತೆಗೆಯುತ್ತಿದ್ದೆ. ಸೆರಗು ನೆನೆದುಹೋಯಿತು. ಓರಗಿತ್ತಿ ತನ್ನ ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೊಟ್ಟಳು. ಆಮೇಲೆ ನೆನಪಿರುವುದು ನಿದ್ದೆ. ಅಂಥ ಹೊತ್ತಿನಲ್ಲೂ ನಿದ್ದೆ ಬರುತ್ತದೆ ಅಂದರೆ ಯಾರೂ ನಂಬುವುದಿಲ್ಲ. ಕ್ರೇಟಿಗೆ ತಲೆ ತಾಗಿ ತಾಗಿ ಎಚ್ಚರವಾಗುತ್ತಿತ್ತು.

ಡಾಕ್ಟರ ಮನೆ ಪಾಂಡವಪುರದ ಒಂದು ಒಳರಸ್ತೆಯಲ್ಲಿತ್ತು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕಬ್ಬಿಣದ ಒಂದು ಮೇಜು, ಮೇಲೆ ಹಳೆಯ ರಬ್ಬರ್ ಶೀಟು. ಅವರು ಬನಿಯನ್, ಪಂಚೆಯಲ್ಲೇ ಹೊರಗೆ ಬಂದರು. ಎಪ್ಪತ್ತರ ಮೇಲಿರಬೇಕು. ಮುಖದಲ್ಲಿ ಆತುರ ಇರಲಿಲ್ಲ, ಬೇಸರವೂ ಇರಲಿಲ್ಲ. ಕಣ್ಣು ನೋಡಿ, ಎದೆಗೆ ಸ್ಟೆತೋಸ್ಕೋಪ್ ಇಟ್ಟು, "ಯಾವಾಗಿಂದ?" ಅಂತ ಕೇಳಿದರು.

"ಬೆಳಿಗ್ಗೆ ಮುದ್ದೆ ಇಕ್ಕುದ್ರೆ ಮೂಸ್ಲೂ ಇಲ್ಲ ಸಾರ್," ಅಂದಳು ಓರಗಿತ್ತಿ. "ಆಗ್ಲೇ ಜೊಲ್ಲು ಸುರುಸ್ತಿತ್ತು. ಬಿಸ್ಲಿಗೆ ಅನ್ಕಂಡೆ."

"ಈ ವಿಷಕ್ಕೆ ಅಟ್ರೋಪಿನ್ ಕೊಡಬೇಕು. ದೊಡ್ಡ ನಾಯಿ, ಬಹಳ ಬೇಕಾಗುತ್ತೆ," ಅಂದರು ಡಾಕ್ಟರು. ಪೆಟ್ಟಿಗೆ ತೆಗೆದು ಔಷಧಿಯ ಸಣ್ಣ ಗಾಜಿನ ಆಂಪೂಲುಗಳನ್ನು ಬೆಳಕಿಗೆ ಹಿಡಿದು ಎಣಿಸಿದರು. "ನನ್ನ ಹತ್ರ ಇರೋದು ಮೊದಲನೇ ಸುತ್ತಿಗೆ ಸಾಲಬಹುದು. ಈಗ ಹೆಚ್ಚಿಗೆ ಇಟ್ಟುಕೊಳ್ಳೋದಿಲ್ಲ ನಾನು. ಉಳಿದದ್ದು ಮೆಡಿಕಲ್‌ನಲ್ಲಿ ನೋಡಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ನೀವು ನರ್ಸ್ ಅಂತೆ. ಐವಿ ನೀವೇ ಹಾಕಿಬಿಡಿ. ನನ್ನ ಕೈ ಈಗ ನಿಲ್ಲೋದಿಲ್ಲಮ್ಮ." ಕೈ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು.

ಮಕ್ಕಳ ಕೈಯಲ್ಲಿ, ಮುದುಕರ ಒಣಗಿದ ಕೈಯಲ್ಲಿ ಸಾವಿರಾರು ಸಲ ನರ ಹುಡುಕಿದ್ದೇನೆ. ನಾಯಿಯ ಕಾಲಿನಲ್ಲಿ ಅದೇ ಮೊದಲು. ಅವರು ಮುಂಗಾಲಿನ ಕೂದಲು ಬ್ಲೇಡಿನಿಂದ ಕೆರೆದು ಜಾಗ ತೋರಿಸಿದರು. ಮೊದಲನೆಯ ಚುಚ್ಚು ತಪ್ಪಿತು, ಚರ್ಮದ ಕೆಳಗೆ ರಕ್ತ ಊದಿಕೊಂಡಿತು. ನನ್ನ ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುತ್ತಿತ್ತು. "ಇನ್ನೊಂದು ಕಾಲು," ಅಂದರು ಅವರು. ಓರಗಿತ್ತಿ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದನ ಹಿಡಿದ ಕೈ, ಅಲ್ಲಾಡಲಿಲ್ಲ. ಎರಡನೇ ಸಲ ರಕ್ತ ಸೂಜಿಯೊಳಗೆ ಬಂತು.

ಬಾವ ಆಟೋ ತೆಗೆದುಕೊಂಡು ಮೆಡಿಕಲ್ ಶಾಪು ಹುಡುಕಲು ಹೋದರು. ಸ್ವಲ್ಪ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಅವರದೇ ನಂಬರು. ಅಳಿಸಿಹಾಕಿದ್ದೇನೆ ಅಂದುಕೊಂಡಿದ್ದೆ, ಅಳಿಸಿರಲಿಲ್ಲ.

"ಅದೇನವ್ವ ಎಸ್ರು? ಅಟ್ರೋ... ಇನ್ನೊಂದ್ ಸಲ ಏಳು."

ಹೇಳಿದೆ. ಅವರು ಅಂಗಡಿಯವನಿಗೆ ಹೇಳಿದ್ದು ಬೇರೇನೋ ಆಗಿ ಕೇಳಿಸಿತು. ಖಾಲಿ ಆಂಪೂಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಜೊತೆಗೆ ಡಾಕ್ಟರು ಬರೆದ ಚೀಟಿಯದೂ. ಮತ್ತೆ ಫೋನು ಬಂತು. "ಇಲ್ಲಿ ಭಾನ್ವಾರ ಅಂತ ಬಾಗ್ಲು ಆಕವ್ರೆ. ತಗ್ದಿರೋ ಅಂಗ್ಡೀಲಿ ಒಂದೆಲ್ಡು ಸಿಕ್ತು. ಸೀರಂಗಪಟ್ಣಕ್ಕೆ ಓಗ್ಬತ್ತೀನಿ. ಅಲ್ಗಂಟ ತಡೀತದಾ?"

ತಡೆಯುತ್ತದೆಯೋ ಇಲ್ಲವೋ ನನಗೇನು ಗೊತ್ತು. "ಬೇಗ ಬನ್ನಿ ಬಾವ," ಅಂದೆ.

ನಮ್ಮ ಆಸ್ಪತ್ರೆಯ ಬೀರುವಿನಲ್ಲಿ ಆ ಔಷಧಿ ಡಬ್ಬಿ ಡಬ್ಬಿ ಇದೆ. ರಾತ್ರಿಯಷ್ಟೇ ಬೀಗ ತೆಗೆದು ನೋಡಿ ಬಂದಿದ್ದೆ. ಆ ಡಬ್ಬಿ ಕಣ್ಣ ಮುಂದೆ ಬರುತ್ತಲೇ ಇತ್ತು. ಅದು ಮನುಷ್ಯರಿಗೆ ಇಟ್ಟದ್ದು, ಅದೂ ಅಲ್ಲದೆ ಕೆ.ಆರ್. ಪೇಟೆ ಇನ್ನೊಂದು ದಿಕ್ಕಿಗಿದೆ. ಆದರೂ ಬಂತು.

ಶೆಡ್ಡಿನ ಮೆಟ್ಟಿಲ ಮೇಲೆ ನಾನೂ ಓರಗಿತ್ತಿಯೂ ಕುಳಿತೆವು. ಮೇಜಿನ ಮೇಲಿಂದ ಬೀಳಬಹುದು ಅಂತ ನಾಯಿಯನ್ನು ನೆಲಕ್ಕೆ ಇಳಿಸಿದ್ದೆವು. ಗ್ಲೂಕೋಸಿನ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ. ಡಾಕ್ಟರು ಕುರ್ಚಿ ಹಾಕಿಕೊಂಡು ಆಗಾಗ ನಾಡಿ ನೋಡುತ್ತಿದ್ದರು. ಅವರ ಹೆಂಡತಿ ಕಾಫಿ ತಂದರು, ಆಮೇಲೆ ತಟ್ಟೆಯಲ್ಲಿ ಚಿತ್ರಾನ್ನ ತಂದರು. ಓರಗಿತ್ತಿ ಬೇಡ ಬೇಡ ಅಂದು, ಅವರು ಒಳಗೆ ಹೋದ ಮೇಲೆ ತಿಂದಳು. ಹೊಟ್ಟೆ ಹಸಿದವರು ತಿನ್ನುವ ಹಾಗೆ ತಿಂದಳು. ಅವಳು ಎಷ್ಟು ಸೊರಗಿದ್ದಾಳೆ ಅಂತ ಆಗ ಕಂಡಿತು. ಗೋಡೆಯ ಆಚೆಯಿಂದ ದಿನಾ ಅವಳ ದನಿ ಕೇಳುತ್ತಿದ್ದೆ, ಮುಖ ನೋಡಿರಲಿಲ್ಲ. ಕುತ್ತಿಗೆಯ ಮೂಳೆ ಎದ್ದಿತ್ತು. ಕಣ್ಣ ಕೆಳಗೆ ಕಪ್ಪು.

"ನೀವು ಸರಿಯಾಗಿ ಉಣ್ತಿಲ್ವಾ ಅಕ್ಕ?" ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಇಷ್ಟು ದಿನ ಇಲ್ಲದ್ದು ಈಗೇನು ಅನ್ನಿಸಬಹುದು.

ಮೊದಲ ಸುತ್ತಿನ ಔಷಧಿಗೆ ನಾಯಿ ಸ್ವಲ್ಪ ಸುಧಾರಿಸಿತು. ಕಾಲಿನ ಆಟ ನಿಂತಿತು. ಆದರೆ ಇದ್ದದ್ದೆಲ್ಲ ಮುಗಿದು, ಬಾವ ಬರುವ ಮೊದಲೇ ಗಂಟಲಿನ ಗೊರಗೊರ ಮತ್ತೆ ಶುರುವಾಯಿತು. ಎದೆ ನೀರು ತುಂಬಿದ ಚೀಲದ ಹಾಗೆ ಸದ್ದು ಮಾಡುತ್ತಿತ್ತು. ಡಾಕ್ಟರು ರಸ್ತೆಯ ಕಡೆ ನೋಡಿದರು, ಮತ್ತೆ ನಾಯಿಯ ಕಡೆ ನೋಡಿದರು.

ಓರಗಿತ್ತಿ ನಾಯಿಯ ಹಿಂಗಾಲು ಒತ್ತುತ್ತಿದ್ದವಳು ಒಮ್ಮೆಲೇ ಅಂದಳು: "ಅವತ್ತೂ ಇಂಗೇ ಸದ್ದು ಬತ್ತಿತ್ತು."

"ಯಾವತ್ತು?"

"ಅತ್ತೆ ಓದ್ ದಿನ. ಇವ್ರು ಗದ್ದೇಲಿದ್ರು. ನಿನ್ ಗಂಡ ಎಲ್ಲೋ ಓಗಿದ್ದ. ನಾನೊಬ್ಳೇ." ಅವಳು ನನ್ನ ಕಡೆ ನೋಡುತ್ತಿರಲಿಲ್ಲ. "ಎತ್ತಿ ಕೂರ್ಸಾದೋ, ಮಲ್ಗಿರ್ಲಿ ಅಂತ ಬುಡಾದೋ ಗೊತ್ತಾಗ್ನಿಲ್ಲ ಕಣವ್ವ. ಬಾಯಿಗೆ ನೀರ್ ಬುಟ್ಟೆ, ಎಲ್ಲ ಕಟವಾಯಿಂದ ಆಚ್ಗೆ ಬಂತು. ನಾನೇ ಏನಾರ ತಪ್ಪು ಮಾಡುದ್ನಾ ಅಂತ ಎದ್ರಿಕೆ. ನೀನಿದ್ದಿದ್ರೆ, ನೀನಿದ್ದಿದ್ರೆ ಅಂತ ಅದೊಂದೇ ಅನ್ನುಸ್ತಿತ್ತು. ಆಮೇಲೂ ಅದೇ. ಅವತ್ತು ಎಲೆ ಆಕೋವಾಗ ಬಾಯಿಗ್ ಬಂದಿದ್ದು ಮಾತ್ರ ಇನ್ನೊಂತರಾ ಬಂದ್ಬುಡ್ತು."

ನಾಯಿಯ ಬಾಯಿಂದ ನೊರೆ ಒರೆಸಿದೆ. ಸಿಟ್ಟು ಎಲ್ಲಿಟ್ಟಿದ್ದೇನೆ ಅಂತ ಹುಡುಕಿದೆ. ವರ್ಷಗಟ್ಟಲೆ ಹೊತ್ತದ್ದು, ಮಲಗುವ ಮೊದಲು ದಿನಾ ಮುಟ್ಟಿ ನೋಡಿದ್ದು. ಆ ಹೊತ್ತಿಗೆ ಕೈಗೆ ಸಿಗಲಿಲ್ಲ. ಸುಸ್ತಾಗಿತ್ತು, ಅಷ್ಟೇ. ಅದನ್ನು ಕ್ಷಮೆ ಅಂತ ಕರೆದರೆ ಸುಳ್ಳಾಗುತ್ತದೆ.

"ನಾನಿದ್ದಿದ್ರೂ ಏನೂ ಮಾಡಕ್ಕಾಗ್ತಿರ್ಲಿಲ್ಲ ಅಕ್ಕ," ಅಂದೆ. "ಶ್ವಾಸಕೋಶ ತುಂಬೋಗಿತ್ತು. ಡಾಕ್ಟ್ರು ಮೊದ್ಲೇ ಹೇಳಿದ್ರು. ಕೂರಿಸಿದ್ರೂ ಅಷ್ಟೇ, ಮಲಗಿಸಿದ್ರೂ ಅಷ್ಟೇ."

"ನಿಜ್ವಾ?"

"ನಿಜ."

"ನೀರು?"

"ನೀರಿಂದ ಏನೂ ಆಗಿಲ್ಲ."

ಅವಳು ಕಾಲು ಒತ್ತುವುದನ್ನು ನಿಲ್ಲಿಸಿ ಕುಳಿತಳು. ಅಳಲಿಲ್ಲ. ಬಹಳ ಹೊತ್ತು ತಲೆ ಬಗ್ಗಿಸಿಕೊಂಡು ನೆಲದ ಸಿಮೆಂಟು ಕೆರೆಯುತ್ತಿದ್ದಳು. ಈ ಮಾತನ್ನು ನನ್ನಿಂದ ಕೇಳಬೇಕು ಅಂತ ಇವಳು ಎಷ್ಟು ದಿನದಿಂದ ಇದ್ದಳೋ. ಅದನ್ನು ಹೇಳಲು ನನಗೆ ಒಂದು ಗಳಿಗೆಯೂ ಹಿಡಿಯುತ್ತಿರಲಿಲ್ಲ. ಅವಳು ಕೇಳಲಿಲ್ಲ, ಬೈದಳು. ನಾನು ಗೋಡೆ ಹಾಕಿಸಿಕೊಂಡು ಕೂತೆ.

ಆಟೋದ ಸದ್ದು ಕೇಳಿದಾಗ ಮೂವರೂ ಒಟ್ಟಿಗೆ ಎದ್ದೆವು. ಬಾವ ಅಂಗಿಯ ಜೇಬಿನಿಂದ ಕರ್ಚೀಫಿನ ಗಂಟು ತೆಗೆದರು. ಒಳಗೆ ಆಂಪೂಲುಗಳು, ಹತ್ತಿಯಲ್ಲಿ ಸುತ್ತಿದ್ದು. "ಆಸ್ಪತ್ರೆ ಮುಂದ್ಗಡೆ ಅಂಗ್ಡೀಲಿ ಸಿಕ್ತು. ಯಾರ್ಗೆ ಅಂದ. ನಾಯ್ಗೆ ಅಂದ್ರೆ ಕೊಡ್ತಾನೋ ಇಲ್ವೋ ಅಂತ ಚೀಟಿ ತೋರುಸ್ದೆ. ಪುಣ್ಯಾತ್ಮ ಇದ್ದದ್ದೆಲ್ಲ ಕೊಟ್ಟ." ಅವರ ಕೈಯಿಂದ ಗಂಟನ್ನು ನಾನೇ ತೆಗೆದುಕೊಂಡೆ. ಅಂಗೈ ಬೆವೆತಿತ್ತು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಜೇಬು ಹಿಡಿದೇ ಓಡಿಸಿದ್ದರಂತೆ.

ಆಂಪೂಲಿನ ಕತ್ತು ಮುರಿಯುವುದು, ಸಿರಿಂಜಿಗೆ ಎಳೆಯುವುದು, ಹಾಕುವುದು, ಕಾಯುವುದು. ಮತ್ತೆ ಮುರಿಯುವುದು. ಹೆಬ್ಬೆರಳು ಗಾಜಿಗೆ ಕೊಯ್ದುಕೊಂಡಿತು. ಬಿಸಿಲು ಶೆಡ್ಡಿನೊಳಕ್ಕೆ ಬಂದು, ನಮ್ಮನ್ನು ದಾಟಿ ಹೋಯಿತು. ಒಂದು ಹಂತದಲ್ಲಿ ಡಾಕ್ಟರು ನಾಯಿಯ ಬಾಯೊಳಗೆ ಬೆರಳು ಹಾಕಿ ಒಸಡು ಮುಟ್ಟಿ, "ಒಣಗ್ತಾ ಇದೆ," ಅಂದರು. ಬಾಯಿ ಒಣಗುವುದೇ ಒಳ್ಳೆಯ ಸುದ್ದಿ. ಕಣ್ಣು ಬಿಡಿಸಿ ನೋಡಿದೆ. ಕಣ್ಣಿನ ಬೊಟ್ಟು ಅರಳಿತ್ತು. ನಾಯಿ ಎಲ್ಲೋ ದೂರ ನೋಡುತ್ತ ಸಣ್ಣಗೆ ಕುಂಯ್ ಅಂದಿತು. ನಮ್ಮಲ್ಲಿ ಯಾರನ್ನೂ ಗುರುತಿಸಿದ ಹಾಗೆ ಇರಲಿಲ್ಲ.

"ಉಳೀತದಾ ಸಾರ್?" ಅಂದರು ಬಾವ.

"ಇವತ್ತು ಉಳಿದಿದೆ. ಮಲಗೋ ತನಕ ಆಗಾಗ ನೋಡ್ತಿರಿ. ಮತ್ತೆ ಜೊಲ್ಲು ಬಂದರೆ ಇನ್ನೊಂದು ಡೋಸು ಕೊಡಬೇಕು, ಸಿಸ್ಟರಿಗೆ ಹೇಳಿದೀನಿ."

"ಯಾರೋ ಮಡ್ಗವ್ರೆ ಸಾರ್ ಇದ್ನ. ಬೇಕು ಅಂತ್ಲೇ."

ಡಾಕ್ಟರು ಕೈ ತೊಳೆಯುತ್ತಿದ್ದರು. "ಹಂದಿಗೆ ಇಡ್ತಾರೆ, ಇಲಿಗೆ ಇಡ್ತಾರೆ, ನಾಯಿ ತಿನ್ನುತ್ತೆ. ಯಾರು ಅಂತ ಹುಡುಕಿ ಊರಲ್ಲಿ ಇನ್ನೊಂದು ಜಗಳ ಮಾಡ್ಕೋಬೇಡಿ." ಅಷ್ಟು ಹೇಳಿ ಟವೆಲಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಅವರ ಮಧ್ಯಾಹ್ನದ ಊಟ ಆಗಿರಲಿಲ್ಲ.

ಹಿಂದಿರುಗುವಾಗ ಆಸ್ಪತ್ರೆಗೆ ಫೋನು ಮಾಡಿ ಜೊತೆಯ ಸಿಸ್ಟರ್ ಒಬ್ಬಳನ್ನು ನನ್ನ ಡ್ಯೂಟಿಗೆ ಬೇಡಿಕೊಂಡೆ. "ನಾಯಿಗಾ?" ಅಂದಳು. ಹೌದು ಅಂದೆ. ಒಪ್ಪಿಕೊಂಡಳು, ದೀಪಾವಳಿಗೆ ನಾನು ಅವಳ ಡ್ಯೂಟಿ ಮಾಡಬೇಕು ಅಂದಳು. ಅದರ ನಂತರದ್ದು ನೆನಪಿಲ್ಲ. ಊರ ಹತ್ತಿರ ಎಚ್ಚರವಾದಾಗ ನನ್ನ ತಲೆ ಓರಗಿತ್ತಿಯ ಭುಜದ ಮೇಲಿತ್ತು. ಅವಳು ಅಲ್ಲಾಡದೆ ಕುಳಿತಿದ್ದಳು. ಭುಜ ಜೋಮು ಹಿಡಿದಿರಬೇಕು, ಇಳಿದ ಮೇಲೆ ಉಜ್ಜಿಕೊಂಡಳು.

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಮದುವೆ ಬಟ್ಟೆಯಲ್ಲೇ. ಬೀಗ ಹಾಕದ ಮನೆ, ಹಿತ್ತಲಲ್ಲಿ ನೊರೆ, ಉರುಳಿದ ಹುಣಸೆನೀರಿನ ಲೋಟ, ಫೋನು ಎತ್ತದ ಹೆಂಡತಿ. ಗಾಬರಿಯಾಗಿದ್ದರು. ಅಣ್ಣನ ಆಟೋದಿಂದ ನಾನು ಇಳಿದದ್ದು ನೋಡಿ ಅಲ್ಲೇ ನಿಂತುಬಿಟ್ಟರು. ಬಾವ ಹಿಂದಿನ ಡೋರು ಇಳಿಸಿ ಗೋಣಿಯ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ನಾನು ಹಿಡಿಯಲು ಹೋದೆ, ಕೈಯಲ್ಲಿ ಬಲವಿರಲಿಲ್ಲ. ಗಂಡ ಬಂದು ಹಿಡಿದರು. ಅಣ್ಣತಮ್ಮ ಇಬ್ಬರೂ ನಾಯಿಯನ್ನು ಕೊಟ್ಟಿಗೆಗೆ ಹೊತ್ತೊಯ್ದರು. ಎಲ್ಲಿ ಇಳಿಸುವುದು ಅನ್ನುವಲ್ಲಿ ಒಂದು ಗಳಿಗೆ ತಡವರಿಸಿ, ಎರಡು ಹಸುಗಳ ನಡುವಿನ ಜಾಗದಲ್ಲಿ ಹುಲ್ಲು ಹರಡಿ ಇಳಿಸಿದರು. ಇಳಿಸಿ, ಒಬ್ಬರು ಈ ಕಡೆ ಬಂದರು, ಒಬ್ಬರು ಆ ಕಡೆ ಹೋದರು.

ಆ ಸಂಜೆ ಮಲಗಿದವಳು ಮಾರನೆಯ ದಿನ ಬಿಸಿಲು ಏರಿದ ಮೇಲೆ ಎದ್ದೆ. ನಡುವೆ ಎದ್ದು ನೋಡಬೇಕು ಅಂದುಕೊಂಡಿದ್ದೆ, ಏಳಲಾಗಲಿಲ್ಲ. ಓರಗಿತ್ತಿ ಕೊಟ್ಟಿಗೆಯಲ್ಲೇ ಮಲಗಿದ್ದಳಂತೆ. ಜೊಲ್ಲು ಬರಲಿಲ್ಲ. ಬೆಳಿಗ್ಗೆ ನಾಯಿ ನೀರು ಕುಡಿಯಿತು, ಸಂಜೆಗೆ ಎದ್ದು ನಿಂತು ಬಿತ್ತು. ಒಂದು ವಾರದಲ್ಲಿ ನಡೆಯಿತು. ಹಿಂಗಾಲುಗಳಲ್ಲಿ ಈಗಲೂ ಮೊದಲಿನ ಶಕ್ತಿ ಇಲ್ಲ, ತಿರುಗುವಾಗ ಸೊಂಟ ವಾಲುತ್ತದೆ. ವಿಷ ಇಟ್ಟವರು ಯಾರು ಅಂತ ಗೊತ್ತಾಗಲಿಲ್ಲ. ಓರಗಿತ್ತಿ ಮೊದಲ ಕೆಲವು ದಿನ ಒಬ್ಬೊಬ್ಬರ ಮೇಲೆ ಅನುಮಾನ ಪಟ್ಟು, ಆಮೇಲೆ ಬಿಟ್ಟಳು.

ಗೋಡೆ ಹಾಗೇ ಇದೆ. ಗಂಡ ಮತ್ತು ಬಾವ ಮಾತಾಡುವುದಿಲ್ಲ. ನಾಯಿ ಬದುಕಿದ್ದಕ್ಕೆ ಮನೆ ಒಂದಾಯಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ನಾನೂ ಅವಳೂ ಕೊಟ್ಟಿಗೆಯಲ್ಲಿ ಸಿಕ್ಕರೆ ಮಾತಾಡುತ್ತೇವೆ. ನಾಯಿ ತಿಂತಾ, ಹಸು ಹಾಲು ಕೊಡ್ತಾ, ಇಷ್ಟೇ. ಆ ಶೆಡ್ಡಿನ ಮಾತನ್ನು ಇಬ್ಬರೂ ಮತ್ತೆ ಎತ್ತಿಲ್ಲ.

ಮೊನ್ನೆ ಒಂದು ಬೆಳಿಗ್ಗೆ, ನಾನು ಡ್ಯೂಟಿಯಿಂದ ಬಂದು ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ, ಅವಳು ನಮ್ಮ ಮುಂಬಾಗಿಲಿಂದ ಒಳಗೆ ಬಂದಳು. "ತಲೆ ಸುತ್ತದೆ ಕಣವ್ವ ಯಾಕೋ. ಬಿ.ಪಿ. ನೋಡೋದು ಮಡ್ಗಿದ್ಯಾ?" ಅಂದಳು.

ನಿದ್ದೆ ಎಳೆಯುತ್ತಿತ್ತು. ಬೀರುವಿನಿಂದ ಯಂತ್ರ ತೆಗೆದು ಅವಳ ತೋಳಿಗೆ ಪಟ್ಟಿ ಸುತ್ತಿದೆ. ಪಟ್ಟಿ ಸಡಿಲವಾಯಿತು, ಇನ್ನೊಂದು ಸುತ್ತು ಬಿಗಿದೆ. ಬಿ.ಪಿ. ಜಾಸ್ತಿಯೇ ಇತ್ತು.

"ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

"ನಾಳೆ ಆಗಾಕಿಲ್ಲ, ಕಳೆ ಕೀಳಕ್ಕೆ ಆಳ್ ಬತ್ತಾವ್ರೆ."

"ನಾಡಿದ್ದು?"

"ನಾಡಿದ್ದು ಬತ್ತೀನಿ ಬುಡು," ಅಂದಳು. ಎದ್ದು ಹೋಗುವ ಬದಲು ನಮ್ಮ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತಳು. ನಾನು ಕಾಫಿಗೆ ಇಟ್ಟೆ.